ಕೈಲಾಸಕ್ಕೆ ಹೋಗಿ ಬರುವ ದಾರಿ

“ನಾನು ಕೈಲಾಸಕ್ಕೆ ಹೋಗಬೇಕೆಂದಿದ್ದೇನೆ” ಎಂದು ಹೆತ್ತೂರಿನ ನಮ್ಮ ಸೋದರಮಾವನವರು ಹೇಳಿದಾಗ, ಅಕ್ಕಿರೊಟ್ಟಿ ಬಡಿಸುತ್ತಿದ್ದ ಅತ್ತೆಯವರ ಕೈ ಅಲ್ಲಿಗೇ ನಿಂತಿತು. “ಬಿಡ್ತು ಅನ್ನಿ! ದೀಪ ಹಚ್ಚುವ ಹೊತ್ತಿನಲ್ಲಿ ಇದೆಂಥ ಮಾತು?” ಎಂದು ಗದರಿದರು. ಮಾವನವರು ನಕ್ಕರು. ಅವರ ಮನಸ್ಸಿನಲ್ಲಿದ್ದುದು ಟಿಬೆಟ್ಟಿನಲ್ಲಿರುವ ಕೈಲಾಸ ಪರ್ವತ ಮತ್ತು ಅದರ ದಕ್ಷಿಣಕ್ಕಿರುವ ಮಾನಸ ಸರೋವರ. ಅತ್ತೆಯವರ ಕಿವಿಗೆ ಬಿದ್ದುದು ಕನ್ನಡದ ಕೈಲಾಸ.

ಕನ್ನಡದ ಕೈಲಾಸಕ್ಕೆ ದಾರಿ ಯಾರೂ ಕೇಳುವುದಿಲ್ಲ. ತಿಥಿಯ ಕಾಗದದಲ್ಲಿ ‘ಕೈಲಾಸವಾಸಿಗಳಾದರು’ ಎಂದು ಅಚ್ಚು ಹಾಕಿಸಿದರೆ ಮುಗಿಯಿತು. ಹರಿಹರನ ರಗಳೆಗಳಲ್ಲಿ ಶರಣರು ಕೈಲಾಸದಿಂದ ಇಳಿದು ಬರುತ್ತಾರೆ, ಭೂಮಿಯ ಕೆಲಸ ತೀರಿಸಿಕೊಂಡು ಕೈಲಾಸಕ್ಕೇ ಮರಳುತ್ತಾರೆ. ಅವರಿಗೆ ರಹದಾರಿ ಬೇಕಾಗಲಿಲ್ಲ, ಕಂಬಳಿಯೂ ಬೇಕಾಗಲಿಲ್ಲ. ಆದರೆ ಅದೇ ಹೆಸರಿನ ಇನ್ನೊಂದು ಕೈಲಾಸ ಭೂಪಟದಲ್ಲಿದೆ. ಅದರ ಬುಡದ ಸರೋವರ ಸಮುದ್ರಮಟ್ಟದಿಂದ ಸುಮಾರು 15,000 ಅಡಿ ಎತ್ತರದಲ್ಲಿದೆ. ಸುತ್ತಳತೆ ಐವತ್ತು ಮೈಲಿಗೂ ಹೆಚ್ಚು. ಅಲ್ಲಿಗೆ ಹೋಗುವವರು ಹೋಗುವುದರ ಜೊತೆಗೆ ಬರುವುದನ್ನೂ ಯೋಚಿಸಬೇಕಾಗುತ್ತದೆ.

ಮಾವನವರ ಯೋಚನೆ ಹೊಸದಲ್ಲ. ಅದಕ್ಕೊಂದು ಇತಿಹಾಸವಿದೆ. ಆ ಸಂಜೆ ಹೊರಗೆ ಹೆತ್ತೂರಿನ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿರಲು, ನಾವಿಬ್ಬರೂ ಒಲೆಯ ಮುಂದೆ ಕುಳಿತು ಆ ಇತಿಹಾಸವನ್ನು ಬಿಡಿಸುತ್ತ ಹೋದೆವು. ಓದುಗರೂ ನಮ್ಮೊಡನೆ ಒಂದಿಷ್ಟು ದೂರ ಬರಬಹುದು.

ಈ ಸರೋವರಕ್ಕೆ ನಮ್ಮ ಮನಸ್ಸಿನಲ್ಲಿ ಇಷ್ಟು ದೊಡ್ಡ ಸ್ಥಾನ ಬಂದುದೇಕೆ? ಪುರಾಣಗಳು ಅದನ್ನು ಬ್ರಹ್ಮನ ಮನಸ್ಸಿನಿಂದ ಹುಟ್ಟಿದ್ದೆಂದವು. ಕಾಳಿದಾಸನ ಮೇಘ ಉತ್ತರಕ್ಕೆ ಹೊರಟಾಗ ಹಂಸಗಳು ಮಾನಸಕ್ಕೆ ಹೊರಡುತ್ತವೆ. ಇವು ಕವಿಗಳ ಮಾತಾಯಿತು. ಭೂಗೋಳದ ಮಾತೂ ಇದಕ್ಕಿಂತ ಸಣ್ಣದಲ್ಲ. ಕೈಲಾಸ ಮಾನಸಗಳ ಸುತ್ತಲಿನ ಆ ಒಂದು ಪ್ರದೇಶದಿಂದ ನಾಲ್ಕು ಮಹಾನದಿಗಳು ನಾಲ್ಕು ಕಡೆಗೆ ಹೊರಡುತ್ತವೆ. ಉತ್ತರದಲ್ಲಿ ಸಿಂಧೂ, ಪೂರ್ವಕ್ಕೆ ಬ್ರಹ್ಮಪುತ್ರ, ಪಶ್ಚಿಮಕ್ಕೆ ಸತಲಜ್, ದಕ್ಷಿಣಕ್ಕೆ ಕರ್ಣಾಲಿ. ಸಿಂಧೂ ಅರಬ್ಬೀ ಸಮುದ್ರವನ್ನು ಸೇರಿದರೆ ಬ್ರಹ್ಮಪುತ್ರ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ಇದನ್ನು ಹೇಳಿದಾಗ ಮಾವನವರು, “ಇದೇನು ಮಹಾ? ನಮ್ಮ ಮಂಕನಹಳ್ಳಿಯಲ್ಲೂ ಇದೇ ಕತೆ” ಎಂದರು. ಅವರ ಮಾತು ನಿಜವೇ. ಹೆತ್ತೂರಿನಿಂದ ಬಿಸಿಲೆಗೆ ಹೋಗುವ ದಾರಿಯಲ್ಲಿ ಮಂಕನಹಳ್ಳಿಯ ಬಳಿ ಘಟ್ಟದ ನೆತ್ತಿ ಇದೆ. ಅಲ್ಲಿ ಪೂರ್ವಕ್ಕೆ ಬಿದ್ದ ಹನಿ ಹೇಮಾವತಿಗೆ ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ನೀರು ಹಂಚಿ ಹೋಗುವ ನೆತ್ತಿಯ ಮೇಲೆ ಬಾಳಿದವರಿಗೆ ನದಿಗಳ ತವರೆಂಬ ಮಾತು ಪುರಾಣವೆನಿಸುವುದಿಲ್ಲ, ದಿನಬಳಕೆಯ ಮಾತೆನಿಸುತ್ತದೆ. ಮಾವನವರಿಗೆ ಮಾನಸದ ಮೇಲೆ ಮನಸ್ಸು ಹೋದುದಕ್ಕೆ ಇದೂ ಒಂದು ಕಾರಣವಿರಬಹುದು.

ಆ ಸರೋವರಕ್ಕೆ ಯಾತ್ರಿಕರೂ ಕುರಿ ಕಾಯುವವರೂ ವ್ಯಾಪಾರಿಗಳೂ ಎಂದಿನಿಂದ ಹೋಗುತ್ತಿದ್ದರೋ ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟವರು ಹೊರಗಿನಿಂದ ಬಂದವರು. 1715ರಲ್ಲಿ ಇಪ್ಪೋಲಿತೋ ದೆಸಿದೇರಿ ಎಂಬ ಇಟಲಿಯ ಪಾದ್ರಿ ಲಾಸಾ ನಗರಕ್ಕೆ ಹೋಗುತ್ತ ಇದರ ಪಕ್ಕದಲ್ಲಿ ಹಾದು, ಯಾತ್ರಿಕರು ಅದನ್ನು ಪ್ರದಕ್ಷಿಣೆ ಮಾಡುವುದನ್ನು ದಾಖಲಿಸಿದ. ಅನಂತರ ಒಂದು ಶತಮಾನ ಕಳೆಯುವ ಹೊತ್ತಿಗೆ ಟಿಬೆಟ್ಟಿನ ಬಾಗಿಲು ಯುರೋಪಿನವರಿಗೆ ಮುಚ್ಚಿತ್ತು. 1812ರಲ್ಲಿ ವಿಲಿಯಂ ಮೂರ್‌ಕ್ರಾಫ್ಟ್ ಅಲ್ಲಿಗೆ ಹೊರಟ. ಆತ ಈಸ್ಟ್ ಇಂಡಿಯಾ ಕಂಪೆನಿಯ ಕುದುರೆ ಸಾಕಣೆಯ ಮೇಲ್ವಿಚಾರಕನಾಗಿದ್ದ ಪಶುವೈದ್ಯ. ಒಳ್ಳೆಯ ಕುದುರೆಗಳೂ ಶಾಲಿನ ಉಣ್ಣೆಯ ಮೇಕೆಗಳೂ ಸಿಕ್ಕಾವೆಂಬುದು ಅವನ ಆಸೆ. ಅವನ ಪ್ರಯಾಣದ ಸಿದ್ಧತೆಯಲ್ಲಿ ಮೊದಲನೆಯದು ವೇಷ. ಅವನೂ ಜೊತೆಗಾರ ಹಿಯರ್ಸೆಯೂ ಗೋಸಾಯಿಗಳ ಉಡುಪು ತೊಟ್ಟು ಹಿಮಾಲಯವನ್ನು ದಾಟಿದರು. ಹೆಜ್ಜೆಗಳನ್ನು ಒಂದೇ ಅಳತೆಯಲ್ಲಿಟ್ಟು ದಾರಿಯನ್ನು ಅಳೆಯುವುದಕ್ಕೆಂದೇ ಒಬ್ಬ ಪಂಡಿತ ಜೊತೆಯಲ್ಲಿದ್ದ. ಮಾನಸದ ದಂಡೆಗೆ ಬಂದ ಮೂರ್‌ಕ್ರಾಫ್ಟನಿಗೆ ಒಂದೇ ಹುಡುಕಾಟ: ಈ ಸರೋವರದಿಂದ ಯಾವುದಾದರೂ ನದಿ ಹೊರಡುತ್ತದೆಯೇ? ಮೈಗೆ ಹುಷಾರಿಲ್ಲದೆಯೂ ದಂಡೆಯುದ್ದಕ್ಕೂ ನಡೆದು ನೋಡಿದ. ಯಾವ ಹೊಳೆಯೂ ಕಾಣಲಿಲ್ಲ.

1846ರಲ್ಲಿ ಹೆನ್ರಿ ಸ್ಟ್ರೇಚಿ ಎಂಬಾತ ಹೋದಾಗ ಅದೇ ದಂಡೆಯಿಂದ ಪಕ್ಕದ ರಾಕ್ಷಸತಾಲವೆಂಬ ಸರೋವರಕ್ಕೆ ಹರಿಯುವ ಕಾಲುವೆ ಕಂಡಿತು. ಹಾಗಾದರೆ ಮೂರ್‌ಕ್ರಾಫ್ಟ್ ಸುಳ್ಳು ಬರೆದನೆ? ಇಲ್ಲ. ಆ ಕಾಲುವೆ ಕೆಲವು ವರ್ಷ ಹರಿಯುತ್ತದೆ, ಕೆಲವು ವರ್ಷ ಬತ್ತುತ್ತದೆ. ಇಬ್ಬರೂ ಕಂಡದ್ದನ್ನೇ ಬರೆದರು. ಇತಿಹಾಸ ಓದುವವರು ನೆನಪಿಡಬೇಕಾದ ಮಾತಿದು: ಇಬ್ಬರ ಮಾತು ಕೂಡದಿದ್ದಾಗ ಒಬ್ಬನನ್ನು ಸುಳ್ಳನೆನ್ನುವ ಮೊದಲು, ಆ ವರ್ಷ ಮಳೆ ಹೇಗಿತ್ತೆಂದು ಕೇಳಬೇಕು.

ಇನ್ನೊಬ್ಬ ಯಾತ್ರಿಕನ ಕತೆ ನನಗೆ ವಿಶೇಷ ಪ್ರಿಯ. ಆತ ನನ್ನ ಹಾಗೆಯೇ ಮೇಷ್ಟ್ರು. ಕುಮಾವೂ ಬೆಟ್ಟಗಳ ಮಿಲಂ ಎಂಬ ಹಳ್ಳಿಯ ನೈನ್ ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದುದರಿಂದಲೇ ‘ಪಂಡಿತ’ ಎನ್ನಿಸಿಕೊಂಡ. ಬ್ರಿಟಿಷರ ಸರ್ವೇ ಇಲಾಖೆ ಅವನಿಗೆ ಡೆಹರಾಡೂನಿನಲ್ಲಿ ತರಬೇತಿ ಕೊಟ್ಟು 1865ರಲ್ಲಿ ಟಿಬೆಟ್ಟಿಗೆ ಕಳಿಸಿತು. ಜಪಮಾಲೆಯಲ್ಲಿ 108 ಮಣಿಗಳಿರಬೇಕಲ್ಲವೆ? ಅವನದರಲ್ಲಿ ಇದ್ದುದು 100. ನೂರು ಹೆಜ್ಜೆಗೊಂದು ಮಣಿ ಜಾರಿಸುತ್ತ, ಪ್ರಾರ್ಥನೆಯ ಚಕ್ರದೊಳಗೆ ಲೆಕ್ಕದ ಚೀಟಿಗಳನ್ನು ಅಡಗಿಸಿಟ್ಟುಕೊಂಡು, ಆತ ಲಾಸಾವರೆಗೆ ನಡೆದ. ಹಿಂದಿರುಗುತ್ತ 1866ರ ಬೇಸಗೆಯಲ್ಲಿ ಮಾನಸದ ಬಳಿಗೆ ಬಂದ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವನಿಗೆ ಚಿನ್ನದ ಪದಕ ಕೊಟ್ಟಿತು. ಜಪ ಮಾಡುವವನಂತೆ ತೋರುತ್ತ ಹೆಜ್ಜೆ ಎಣಿಸಿದ ಆ ಮೇಷ್ಟ್ರಿಗೆ, ಸರೋವರ ಕಂಡ ಗಳಿಗೆಯಲ್ಲಿ ಎಣಿಕೆ ತಪ್ಪಲಿಲ್ಲವೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1907ರಲ್ಲಿ ಸ್ವೀಡನ್ನಿನ ಸ್ವೆನ್ ಹೆಡಿನ್ ಮಡಿಸುವ ದೋಣಿಯೊಂದನ್ನು ಹೊತ್ತು ತಂದು ಸರೋವರಕ್ಕೆ ಇಳಿಸಿದ. ನೀರಿನ ದೇವತೆ ನಿನ್ನನ್ನು ಎಳೆದುಕೊಳ್ಳುತ್ತಾಳೆ ಎಂದು ದಂಡೆಯ ಜನ ಹೆದರಿಸಿದರು. ಅವನು ರಾತ್ರಿಯೆಲ್ಲ ಹುಟ್ಟು ಹಾಕಿಸಿ, ಗುಂಡು ಇಳಿಬಿಟ್ಟು, ಆಳ ಸುಮಾರು 80 ಮೀಟರೆಂದು ಅಳೆದು ದಂಡೆಗೆ ಮರಳಿದ. ಅಲ್ಲಿಂದ ಮುಂದೆ ಮಾನಸ ಪುರಾಣದ ಜೊತೆಗೆ ಭೂಪಟಕ್ಕೂ ಸೇರಿತು.

ನಮ್ಮ ಕನ್ನಡನಾಡಿನ ಪಾಲು ಇದರಲ್ಲಿ ಏನೂ ಇಲ್ಲವೆ ಎಂದು ಕೇಳುವವರಿಗೆ ಉತ್ತರವಿದೆ. 1931ರಲ್ಲಿ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಕೈಲಾಸ ಮಾನಸ ಸರೋವರಗಳ ಯಾತ್ರೆ ಮಾಡಿ ಬಂದರು. ಆಗ ಅವರಿಗೆ 47 ವರ್ಷ. ಹಾಸನ ಜಿಲ್ಲೆಯ ಈ ಮಂಜರಾಬಾದು ಸೀಮೆಯೂ ಅವರ ರಾಜ್ಯಕ್ಕೆ ಸೇರಿದ್ದೇ. ಅರಸರಿಗೆ ಪರಿವಾರದ ಕೊರತೆಯಿಲ್ಲ, ಹಣದ ಕೊರತೆಯೂ ಇಲ್ಲ. ಆದರೆ ಹದಿನೈದು ಸಾವಿರ ಅಡಿಯ ಮೇಲೆ ಗಾಳಿ ಅರಸನಿಗೂ ಆಳಿಗೂ ಒಂದೇ. ಅಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಸಮುದ್ರದಂಡೆಯಲ್ಲಿ ದೊರೆಯುವುದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಸಿಂಹಾಸನದ ಮೇಲಿದ್ದವರು ಆ ಗಾಳಿಯಲ್ಲಿ ಉಸಿರಾಡಿ ಬಂದರೆಂಬುದು ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಆಡಿಕೊಂಡ ಮಾತಾಯಿತು. ಹೆತ್ತೂರಿನ ನಮ್ಮ ಅಜ್ಜನ ಮನೆ ಅವುಗಳಲ್ಲೊಂದು. ನಡುಮನೆಯ ಗೋಡೆಯ ಮೇಲೆ ಅರಸರ ಪಟವಿತ್ತು. “ನಮ್ಮ ದೊರೆಗಳು ಹೋಗಿ ಬಂದ ಜಾಗಕ್ಕೆ ನಾನೂ ಒಮ್ಮೆ ಹೋಗಿ ಬರಬೇಕು” ಎಂದು ಅಜ್ಜ ಆ ಪಟದ ಕೆಳಗೆ ಕುಳಿತು ಹೇಳುತ್ತಿದ್ದುದು ಮಾವನವರಿಗೆ ಇನ್ನೂ ನೆನಪಿದೆ.

ಅಜ್ಜನಂಥವರಿಗೆ ದಾರಿ ತೋರಿಸುವ ಪುಸ್ತಕಗಳೂ ಆ ಹೊತ್ತಿಗೆ ಬಂದಿದ್ದುವು. ಸ್ವಾಮಿ ಪ್ರಣವಾನಂದರೆಂಬ ಆಂಧ್ರದ ಸಂನ್ಯಾಸಿಗಳು ಮಾನಸದ ದಂಡೆಯ ಮಠಗಳಲ್ಲಿ ವರ್ಷಗಟ್ಟಲೆ ಇದ್ದರು. ಸರೋವರ ಹೆಪ್ಪುಗಟ್ಟುವ ಚಳಿಗಾಲವನ್ನೂ ಅಲ್ಲಿಯೇ ಕಳೆದು, ಮಂಜು ಬಿರಿಯುವ ಸದ್ದನ್ನೂ ದಿನವನ್ನೂ ಬರೆದಿಟ್ಟರು. ಅವರ ‘ಕೈಲಾಸ್ ಮಾನಸರೋವರ್’ ಎಂಬ ಇಂಗ್ಲಿಷ್ ಗ್ರಂಥ 1949ರಲ್ಲಿ ನೆಹರೂ ಅವರ ಮುನ್ನುಡಿಯೊಡನೆ ಪ್ರಕಟವಾಯಿತು. ಅಲ್ಮೋಡದಿಂದ ಹೊರಟು ಯಾವ ದಿನ ಎಲ್ಲಿ ತಂಗಬೇಕು, ಏನೇನು ಹೊರಬೇಕು ಎಂಬುದನ್ನೆಲ್ಲ ಅದರಲ್ಲಿ ಕಾಣಬಹುದು. ಅಲ್ಮೋಡದಿಂದ ಗರ್ಬ್ಯಾಂಗ್ ಎಂಬ ಹಳ್ಳಿ, ಅಲ್ಲಿಂದ ಲಿಪುಲೇಖ ಕಣಿವೆ, ಆಚೆಗೆ ತಕ್ಲಾಕೋಟ್: ಕೈಲಾಸದವರೆಗೆ ಒಟ್ಟು ಇನ್ನೂರು ಮೈಲಿಗೂ ಮೀರಿದ ಕಾಲುದಾರಿ.

ಈ ಕಾಲುದಾರಿ ಯಾತ್ರಿಕರಿಗಾಗಿ ಆದದ್ದಲ್ಲ. ಅದು ಉಪ್ಪಿನ ದಾರಿ. ಟಿಬೆಟ್ಟಿನ ಕೆರೆಗಳ ಉಪ್ಪನ್ನೂ ಉಣ್ಣೆಯನ್ನೂ ಕುರಿಗಳ ಬೆನ್ನಿನ ಮೇಲೆ ಹೇರಿ ಕೆಳಕ್ಕೆ ತರುತ್ತಿದ್ದರು. ಬಯಲಿನ ಧಾನ್ಯವನ್ನು ಮೇಲಕ್ಕೆ ಒಯ್ಯುತ್ತಿದ್ದರು. ಇದನ್ನು ಕೇಳಿ ಮಾವನವರು, “ನಮ್ಮಲ್ಲಿ ತಿರುಗಾಮುರುಗಾ ನೋಡು” ಎಂದರು. ಮಲೆನಾಡಿನಲ್ಲಿ ಉಪ್ಪು ಘಟ್ಟದ ಕೆಳಗಿನ ಸಮುದ್ರದಿಂದ ಎತ್ತಿನ ಹೇರಿನಲ್ಲಿ ಮೇಲಕ್ಕೆ ಹತ್ತುತ್ತಿತ್ತು. ಅಕ್ಕಿ ಕೆಳಕ್ಕೆ ಇಳಿಯುತ್ತಿತ್ತು. ಉಪ್ಪು ಹೋಗುವ ದಾರಿಯಲ್ಲಿಯೇ ದೇವರೂ ಭಕ್ತರೂ ಹೋಗುತ್ತಾರೆಂಬುದು ಎರಡು ಕಡೆಗೂ ನಿಜ.

ಇನ್ನು ನಮ್ಮ ಕತೆಯ ಮುಖ್ಯ ಭಾಗ. 1954ರ ಏಪ್ರಿಲ್ 29ರಂದು ಭಾರತವೂ ಚೀನವೂ ಟಿಬೆಟ್ಟಿನ ವ್ಯಾಪಾರ ಸಂಪರ್ಕಗಳ ಬಗೆಗೆ ಒಪ್ಪಂದ ಮಾಡಿಕೊಂಡುವು. ಪಂಚಶೀಲದ ಐದು ತತ್ತ್ವಗಳು ಮೊದಲು ಅಚ್ಚಾದದ್ದು ಅದರ ಪೀಠಿಕೆಯಲ್ಲಿ. ಆ ಒಪ್ಪಂದದಲ್ಲಿ ಕೈಲಾಸ ಮಾನಸಗಳ ಹೆಸರಿದೆ; ವ್ಯಾಪಾರಿಗಳೂ ಯಾತ್ರಿಕರೂ ದಾಟಬಹುದಾದ ಆರು ಕಣಿವೆಗಳ ಹೆಸರೂ ಇದೆ. ಯಾತ್ರಿಕರು ಗುರುತಿನ ಪತ್ರವನ್ನೇ ಒಯ್ಯಬೇಕಾಗಿಲ್ಲ. ಗಡಿಯ ಠಾಣೆಯಲ್ಲಿ ಹೆಸರು ಬರೆಸಿ ಪರವಾನಗಿ ಪಡೆದರೆ ಸಾಕು ಎಂದು ಅದರಲ್ಲಿ ಹೇಳಿದೆ. ಇಂದು ಓದಿದರೆ ನಂಬಲಾಗದಂಥ ಮಾತು!

ಆ ಎಂಟು ವರ್ಷ ದಾರಿ ತೆರೆದಿತ್ತು. ಅಜ್ಜ ಪ್ರತಿ ಬೇಸಗೆಯಲ್ಲೂ ಹೊರಡುವ ಮಾತಾಡಿದರು. ಒಂದು ವರ್ಷ ಕಾಫಿಗೆ ಹೂಮಳೆ ಬರಲಿಲ್ಲ. ಒಂದು ವರ್ಷ ಮಗಳ ಮದುವೆ, ಎಂದರೆ ನನ್ನ ತಾಯಿಯ ಮದುವೆ. ಇನ್ನೊಂದು ವರ್ಷ ಏಲಕ್ಕಿಗೆ ರೋಗ. “ಮುಂದಿನ ವರ್ಷ ಆದೀತು” ಎಂದರು. 1962ರ ಜೂನಿನಲ್ಲಿ ಒಪ್ಪಂದದ ಅವಧಿ ಮುಗಿಯಿತು. ಅದನ್ನು ಯಾರೂ ಮುಂದುವರಿಸಲಿಲ್ಲ. ಅಕ್ಟೋಬರಿನಲ್ಲಿ ಯುದ್ಧವೇ ಬಂತು. ಕಣಿವೆಗಳು ಮುಚ್ಚಿದುವು. ಗರ್ಬ್ಯಾಂಗಿನಂಥ ಗಡಿಯ ಹಳ್ಳಿಗಳ ವ್ಯಾಪಾರ ಒಂದೇ ಏಟಿಗೆ ನಿಂತುಹೋಯಿತು. ಹೆತ್ತೂರಿನ ಒಬ್ಬ ರೈತನ ಮುಂದಿನ ವರ್ಷವೂ ಅಲ್ಲಿಯೇ ನಿಂತಿತು. ಅಜ್ಜ 1974ರಲ್ಲಿ ತೀರಿಕೊಂಡರು. ತಿಥಿಯ ಕಾಗದದಲ್ಲಿ ‘ಕೈಲಾಸವಾಸಿಗಳಾದರು’ ಎಂದೇ ಅಚ್ಚಾಗಿತ್ತು. ಆ ಕಾಗದವನ್ನು ಮಾವನವರು ಇಂದಿಗೂ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಹತ್ತೊಂಬತ್ತು ವರ್ಷಗಳ ಮೇಲೆ, 1981ರಲ್ಲಿ, ಲಿಪುಲೇಖದ ದಾರಿ ಮತ್ತೆ ತೆರೆಯಿತು. ಈ ಸಲ ತೆರೆದದ್ದು ಬೇರೆ ಬಗೆಯ ಬಾಗಿಲು. ಅರ್ಜಿ, ಪಾಸ್‌ಪೋರ್ಟು, ವೈದ್ಯರ ಪರೀಕ್ಷೆ, ಚೀಟಿ ಎತ್ತುವುದು, ತಂಡಕ್ಕೊಬ್ಬ ಸರ್ಕಾರಿ ಅಧಿಕಾರಿ: ಇವೆಲ್ಲ ಬಂದುವು. ಅಪಾಯವೂ ಇತ್ತು. 1998ರ ಆಗಸ್ಟಿನಲ್ಲಿ ಮಾಲ್ಪಾ ಎಂಬಲ್ಲಿ ರಾತ್ರಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ಸುಮಾರು ಅರುವತ್ತು ಮಂದಿ ಮಾನಸ ಯಾತ್ರಿಕರು. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಪ್ರತಿಮಾ ಬೇಡಿಯವರೂ ಅವರೊಳಗೊಬ್ಬರು. 2015ರಲ್ಲಿ ಸಿಕ್ಕಿಮಿನ ನಾಥು ಲಾ ಕಣಿವೆಯಿಂದ ಎರಡನೆಯ ದಾರಿ ತೆರೆಯಿತು. 2017ರಲ್ಲಿ ಡೋಕ್ಲಾಮಿನ ಬಿಕ್ಕಟ್ಟು ಬಂದು ಆ ದಾರಿಯ ಯಾತ್ರಿಕರು ಗಡಿಯಿಂದಲೇ ಹಿಂದಿರುಗಬೇಕಾಯಿತು. 2020ರಲ್ಲಿ ಮೊದಲು ಕೊರೋನಾ, ಅನಂತರ ಲಡಾಖಿನ ಘರ್ಷಣೆ. ಯಾತ್ರೆ ಐದು ವರ್ಷ ನಿಂತಿತು. ವಿಚಿತ್ರವೆಂದರೆ, ಲಿಪುಲೇಖದವರೆಗೆ ಮೋಟಾರು ರಸ್ತೆ ಉದ್ಘಾಟನೆಯಾದದ್ದೂ ಅದೇ 2020ರ ಮೇ ತಿಂಗಳಲ್ಲಿ. ಕಾಲುದಾರಿ ಇದ್ದಾಗ ಕಾಗದ ಬೇಕಿರಲಿಲ್ಲ. ರಸ್ತೆಯಾದಾಗ ಬಾಗಿಲಿಗೆ ಬೀಗ!

2025ರ ಜೂನಿನಲ್ಲಿ ಬೀಗ ತೆಗೆಯಿತು. ಐವತ್ತು ಜನರ ಹದಿನೈದು ತಂಡಗಳು: ಲಿಪುಲೇಖದಿಂದ ಐದು, ನಾಥು ಲಾದಿಂದ ಹತ್ತು. 750 ಸ್ಥಾನಗಳಿಗೆ 5,561 ಅರ್ಜಿಗಳು. ಅವುಗಳಲ್ಲೊಂದು ಹೆತ್ತೂರಿನದು. ಗಣಕಯಂತ್ರ ಎತ್ತಿದ ಚೀಟಿಯಲ್ಲಿ ಮಾವನವರ ಹೆಸರು ಬರಲಿಲ್ಲ.

ಯಾತ್ರಿಕನ ವಯಸ್ಸು 70ನ್ನು ಮೀರಕೂಡದೆಂದು ನಿಯಮ. ಮಾವನವರಿಗೆ ಆ ವರ್ಷದ ಕಾರ್ತಿಕಕ್ಕೆ ಎಪ್ಪತ್ತು ತುಂಬಲಿತ್ತು. ಉಳಿದಿದ್ದುದು ಇನ್ನೊಂದೇ ಅವಕಾಶ. ಅವರ ತಂದೆ ‘ಮುಂದಿನ ವರ್ಷ’ ಎಂದು ಹೇಳಿ ಹೇಳಿ ಕಳೆದುಕೊಂಡರು. ಇವರಿಗೆ ಹೇಳಿಕೊಳ್ಳುವುದಕ್ಕೆ ಒಂದೇ ಮುಂದಿನ ವರ್ಷವಿತ್ತು.

“ಮಾವ, ನೇಪಾಳದ ಕಡೆಯಿಂದ ಖಾಸಗಿಯವರು ಕರೆದೊಯ್ಯುತ್ತಾರಂತೆ. ಚೀಟಿಯ ಗೊಡವೆಯಿಲ್ಲ” ಎಂದೆ.

“ಗೊತ್ತು ಕಣಯ್ಯ. ದುಡ್ಡು ಕೊಟ್ಟರೆ ಬೇಗ ಮೇಲಕ್ಕೆ ಹತ್ತಿಸುತ್ತಾರೆ. ಬೇಗ ಹತ್ತಿದವರಿಗೇ ಅಲ್ಲವೇನು ತಲೆ ಸುತ್ತುವುದು? ಅಪ್ಪ ಹೋಗಬೇಕೆಂದಿದ್ದ ದಾರಿ ಲಿಪುಲೇಖದ್ದು. ಆದರೆ ಅದರಲ್ಲೇ ಆಗಲಿ.”

ಕಾಲೇಜು ಮೆಟ್ಟಿಲು ಹತ್ತದ ಮಾವನವರ ಈ ಮಾತಿನಲ್ಲಿ ವೈದ್ಯಶಾಸ್ತ್ರದ ಸಾರವಿತ್ತು. ಎತ್ತರದ ಗಾಳಿಗೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ತಾರುಣ್ಯವೂ ಗಟ್ಟಿಮೈಯೂ ಆ ದಿನಗಳಿಗೆ ಬದಲಾಗಲಾರವು. ಹಿಂದಿನವರು ಅಲ್ಮೋಡದಿಂದ ವಾರಗಟ್ಟಲೆ ನಡೆದರು. ಆ ಕಷ್ಟವೇ ಅವರಿಗೆ ಔಷಧವಾಗಿತ್ತು. ದಿನಕ್ಕೆ ಹತ್ತು ಮೈಲಿ ನಡೆಯುವವನು ಬೇಗ ಮೇಲೆ ಹೋಗಲು ಬಯಸಿದರೂ ಆಗದು. ಈಗ ಮೋಟಾರು ಬಂದಿರುವುದರಿಂದ ಗುಂಜಿಯೆಂಬಲ್ಲಿ ಬೇಕೆಂದೇ ದಿನ ನಿಲ್ಲಿಸಿ, ಮತ್ತೊಮ್ಮೆ ಪರೀಕ್ಷೆ ಮಾಡಿ ಮುಂದೆ ಬಿಡುತ್ತಾರೆ. ಅಲ್ಲಿಂದ ಹಿಂದಕ್ಕೆ ಕಳಿಸಿದರೆ ಕೋಪಿಸಿಕೊಳ್ಳದೆ ಬರುವುದೂ ಯಾತ್ರೆಯ ಸಿದ್ಧತೆಯ ಒಂದು ಭಾಗ. ಇದನ್ನು ನಾನು ಮಾವನವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಷ್ಟು ದೂರ ಹೋಗಿ ನೋಡದೆ ಬರುವುದಕ್ಕೆ ಇನ್ನೂ ಹೆಚ್ಚಿನ ಗುಂಡಿಗೆ ಬೇಕು” ಎಂದರು.

ಆ ಮಳೆಗಾಲವೆಲ್ಲ ಅವರ ಸಿದ್ಧತೆ ನಡೆಯಿತು. ಎತ್ತರಕ್ಕೆ ತೂಕ ಇಷ್ಟೇ ಇರಬೇಕೆಂಬ ನಿಯಮಕ್ಕಾಗಿ ರಾತ್ರಿಯ ಕಡುಬು ನಾಲ್ಕರಿಂದ ಎರಡಕ್ಕೆ ಇಳಿಯಿತು. ಬೆಳಗ್ಗೆ ಕಂಬಳಿ ಕೊಪ್ಪೆ ಹಾಕಿಕೊಂಡು ತೋಟದ ಏರಿನಲ್ಲಿ ಹತ್ತಿ ಇಳಿದರು. ಪಾಸ್‌ಪೋರ್ಟಿನ ಅವಧಿ ನೋಡಿಕೊಂಡರು. ಖರ್ಚಿನ ಲೆಕ್ಕ ಹಾಕಿದರು. 2025ರಲ್ಲಿ ಲಿಪುಲೇಖದ ದಾರಿಗೆ ತಲೆಗೆ ಒಂದು ಲಕ್ಷ ಎಪ್ಪತ್ತನಾಲ್ಕು ಸಾವಿರ ರೂಪಾಯಿಯ ಅಂದಾಜು. “ಅಪ್ಪನ ಕಾಲದಲ್ಲಿ ಕಾಗದ ಬೇಡವಾಗಿತ್ತು, ಕಾಲು ಬೇಕಾಗಿತ್ತು. ಈಗ ಕಾಲಿಗಿಂತ ಕಾಗದ ಹೆಚ್ಚು” ಎಂದು ನಕ್ಕರು.

ಅವರ ಮಾತನ್ನು ಕೇಳುತ್ತ ನನಗೆ ಅನಿಸಿತು: ಈ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಸರೋವರ ಇದ್ದಲ್ಲೇ ಇದೆ. ಹತ್ತಿರವಾದದ್ದೂ ದೂರವಾದದ್ದೂ ನಾವು. ಒಬ್ಬನಿಗೆ ವೇಷ ಬೇಕಾಯಿತು, ಒಬ್ಬನಿಗೆ ನೂರು ಮಣಿಯ ಮಾಲೆ, ಒಬ್ಬನಿಗೆ ದೋಣಿ. 1954ರ ಯಾತ್ರಿಕನಿಗೆ ಠಾಣೆಯಲ್ಲಿ ಬರೆಸುವ ಹೆಸರೊಂದು ಸಾಕಾಯಿತು. 1962ರವನಿಗೆ ಏನಿದ್ದರೂ ಸಾಲದಾಯಿತು. ದೂರವೆಂಬುದು ಮೈಲಿಯ ಲೆಕ್ಕವಲ್ಲ. ಎರಡು ಸರ್ಕಾರಗಳ ಮನಸ್ಸಿನ ಲೆಕ್ಕ. ಬ್ರಹ್ಮನ ಮನಸ್ಸಿನಿಂದ ಹುಟ್ಟಿದ ಸರೋವರವನ್ನು ಮನುಷ್ಯರ ಮನಸ್ಸು ತೆರೆಯುತ್ತದೆ, ಮುಚ್ಚುತ್ತದೆ. ತೆರೆದಿರುವಾಗ ಅದು ಎಂದೆಂದಿಗೂ ತೆರೆದಿರುತ್ತದೆಂದು ನಂಬುವುದು ಸಾಮಾನ್ಯರ ಸ್ವಭಾವ. ಅಜ್ಜ ನಂಬಿದ್ದರು. ಅವರ ತಪ್ಪೇನೂ ಇಲ್ಲ. ಕಾಫಿಯ ಹೂವೂ ಮಗಳ ಮದುವೆಯೂ ಕೈಲಾಸಕ್ಕಿಂತ ಸಣ್ಣ ಕೆಲಸಗಳೆಂದು ಯಾರು ಹೇಳಿಯಾರು? ಆ ಮದುವೆಯಾಗದಿದ್ದರೆ ಈ ಪ್ರಬಂಧ ಬರೆಯಲು ನಾನೇ ಇರುತ್ತಿರಲಿಲ್ಲ.

ನಾನು ಹೊರಡುವ ದಿನ ಮಾವನವರು ಅರ್ಜಿಗೆ ಬೇಕಾದ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ, ಅಜ್ಜನ ತಿಥಿಯ ಕಾಗದವಿದ್ದ ಪೆಟ್ಟಿಗೆಯಲ್ಲಿಯೇ ಇಟ್ಟರು. ಅತ್ತೆಯವರು ಬಾಗಿಲಿಗೆ ಬಂದರು. ಅವರ ಕೋಪ ಇಳಿದಿತ್ತು. ದಪ್ಪ ಉಣ್ಣೆಯ ಕಾಲುಚೀಲ ಹಾಸನದಲ್ಲಿ ಸಿಕ್ಕರೆ ಎರಡು ಜೊತೆ ಕಳಿಸೆಂದು ನನಗೆ ಹೇಳಿ, ಗಂಡನ ಕಡೆ ತಿರುಗಿ, “ಇನ್ನು ಮೇಲೆ ಕೈಲಾಸಕ್ಕೆ ಹೋಗುತ್ತೇನೆ ಅನ್ನಬೇಡಿ. ಹೋಗಿ ಬರುತ್ತೇನೆ ಅನ್ನಿ” ಎಂದರು.

ಮಾವನವರು ಹಾಗೆಯೇ ಅಂದರು.